ಸದನ ಸಮಿತಿಯ ವರದಿಗೆ ನ್ಯಾಯಾಲಯದಲ್ಲಿ ಬೆಲೆಯೆಷ್ಟು?

ಶಾಸನಸಭೆಯ ಸಮಿತಿಯೊಂದು ದಾಖಲೆಗಳನ್ನು ತರಿಸಿ, ಅಧಿಕಾರಿಗಳನ್ನು ಕರೆಸಿ ವಿಚಾರಿಸಿ ವರದಿ ಸಲ್ಲಿಸುತ್ತದೆ. ಸರ್ಕಾರ ಅದನ್ನು ಕಪಾಟಿನಲ್ಲಿಟ್ಟು ಮರೆಯುತ್ತದೆ. ಆಗ ಅನ್ಯಾಯಕ್ಕೊಳಗಾದವರು ಅದೇ ವರದಿಯನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ? ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2018ರ ಮೇ 9ರಂದು ಉತ್ತರ ನೀಡಿತು. ಕಲ್ಪನಾ ಮೆಹ್ತಾ ಪ್ರಕರಣವೆಂದು ಕರೆಯಲಾಗುವ ಆ ತೀರ್ಪು ವಕೀಲರ ವಲಯದಾಚೆಗೆ ಹೆಚ್ಚು ಚರ್ಚೆಯಾಗಲಿಲ್ಲ. ಆದರೆ ಅದರ ಮೂಲವಿರುವುದು ಕಾಡಂಚಿನ ವಸತಿಶಾಲೆಗಳಲ್ಲಿ.

2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 14 ಸಾವಿರ ಹಾಗೂ ಗುಜರಾತಿನ ವಡೋದರಾದಲ್ಲಿ ಸುಮಾರು 10 ಸಾವಿರ ಹೆಣ್ಣುಮಕ್ಕಳಿಗೆ ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಪ್ರಯೋಗಾರ್ಥವಾಗಿ ಹಾಕಲಾಯಿತು. ಮಕ್ಕಳ ವಯಸ್ಸು 10ರಿಂದ 14. ಅವರಲ್ಲಿ ಅನೇಕರು ಆದಿವಾಸಿ ಕುಟುಂಬದವರು. ‘ಪಾತ್’ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳು ಸೇರಿ ನಡೆಸಿದ ಯೋಜನೆಯದು. ಏಳು ಮಕ್ಕಳ ಸಾವು ವರದಿಯಾದ ಮೇಲೆ, 2010ರ ಏಪ್ರಿಲ್‌ನಲ್ಲಿ ಅದು ಸ್ಥಗಿತಗೊಂಡಿತು. ಸಾವುಗಳಿಗೆ ಲಸಿಕೆಯೇ ಕಾರಣವೆಂದು ಸರ್ಕಾರಿ ತನಿಖಾ ಸಮಿತಿ ಹೇಳಲಿಲ್ಲ. ಈ ಲಸಿಕೆ ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಪ್ರಶ್ನೆ ಲಸಿಕೆಯದಲ್ಲ, ಒಪ್ಪಿಗೆಯದು. ಮಗುವಿನ ತೋಳಿಗೆ ಸೂಜಿ ಚುಚ್ಚುವ ಮುನ್ನ ತಂದೆ ತಾಯಿಗೆ ತಿಳಿಸಿದವರು ಯಾರು?

ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2013ರ ಆಗಸ್ಟ್‌ನಲ್ಲಿ ಮಂಡಿಸಿದ ತನ್ನ 72ನೆಯ ವರದಿಯಲ್ಲಿ ಇದನ್ನು ಬಯಲಿಗೆಳೆಯಿತು. ಆಂಧ್ರದಲ್ಲಿ ಪರಿಶೀಲಿಸಲಾದ 9,543 ಒಪ್ಪಿಗೆ ಪತ್ರಗಳ ಪೈಕಿ 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು. 2,763ಕ್ಕೆ ಸಹಿ ಹಾಕಿದ್ದವರು ವಸತಿನಿಲಯದ ವಾರ್ಡನ್‌ಗಳು. ಹೆತ್ತವರ ಪರವಾಗಿ ಸಹಿ ಹಾಕುವ ಅಧಿಕಾರ ವಾರ್ಡನ್‌ಗೆ ಎಲ್ಲಿಂದ ಬಂತೆಂಬುದಕ್ಕೆ ಸಮಾಧಾನಕರ ಉತ್ತರವಿರಲಿಲ್ಲ.

ಈ ವರದಿಯನ್ನು ಅರ್ಜಿದಾರರು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಾಗ ಲಸಿಕೆ ತಯಾರಕರಿಂದ ಬಲವಾದ ಆಕ್ಷೇಪ ಬಂತು. ಸಂಸತ್ತಿನ ಕಲಾಪವನ್ನು ನ್ಯಾಯಾಲಯ ಪ್ರಶ್ನಿಸುವಂತಿಲ್ಲವೆಂದು ಸಂವಿಧಾನದ 122ನೆಯ ವಿಧಿ ಹೇಳುತ್ತದೆ. ಸದಸ್ಯರ ಮಾತು, ಮತ ಮತ್ತು ವರದಿಗಳಿಗೆ 105ನೆಯ ವಿಧಿ ರಕ್ಷಣೆ ಕೊಡುತ್ತದೆ. ಸಮಿತಿಯ ಸದಸ್ಯರನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡಲಾಗದಿದ್ದ ಮೇಲೆ ಅವರ ವರದಿಯನ್ನು ತಮ್ಮ ವಿರುದ್ಧ ಬಳಸುವುದು ಹೇಗೆ ನ್ಯಾಯ ಎಂಬುದು ಅವರ ವಾದ. ವಾದಿಸಿದವರು ಯಾರೇ ಇರಲಿ, ಇದನ್ನು ಕುತರ್ಕವೆಂದು ತಳ್ಳಿಹಾಕುವಂತಿರಲಿಲ್ಲ. ಎದುರುವಾದಕ್ಕೆ ಅವಕಾಶವಿಲ್ಲದ ಕಾಗದದ ಬಲದಿಂದ ಒಬ್ಬನನ್ನು ತಪ್ಪಿತಸ್ಥನೆನ್ನುವುದಾದರೆ ನಾಳೆ ಅದೇ ಅಸ್ತ್ರ ಬಡ ಸಾಗುವಳಿದಾರನ ಮೇಲೂ ತಿರುಗಬಹುದು.

ಪೀಠವು ಅಧಿಕಾರ ವಿಭಜನೆಯನ್ನು ಗೋಡೆಯೆಂದು ಭಾವಿಸಲಿಲ್ಲ. ಸಮಿತಿಯ ವರದಿ ಸಾರ್ವಜನಿಕ ದಸ್ತಾವೇಜು. 1872ರ ಸಾಕ್ಷ್ಯ ಅಧಿನಿಯಮದ 57(4)ನೆಯ ಕಲಮಿನಡಿ ನ್ಯಾಯಾಲಯ ಅದನ್ನು ಗಮನಕ್ಕೆ ತೆಗೆದುಕೊಳ್ಳಬಹುದು, ಕಾನೂನಿನ ಅರ್ಥ ತಿಳಿಯಲು ನೆರವು ಪಡೆಯಬಹುದು. ಇದರಿಂದ ಸದನದ ಹಕ್ಕುಚ್ಯುತಿಯಾಗದು ಎಂದಿತು. (ಆ ಅಧಿನಿಯಮದ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ.) ಆದರೆ ವರದಿಯ ಸಿಂಧುತ್ವವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ. ಅದರಲ್ಲಿನ ಯಾವುದೇ ಸಂಗತಿ ವಿವಾದಗ್ರಸ್ತವಾದರೆ, ವರದಿಯಲ್ಲಿದೆ ಎಂಬ ಮಾತ್ರಕ್ಕೆ ಅದು ರುಜುವಾತಾಗದು. ಬೇರೆ ಸಾಕ್ಷ್ಯದಿಂದ ಸಾಬೀತುಪಡಿಸಬೇಕು.

ಮಲೆನಾಡಿನ ಹಳ್ಳಿಗರೂ ವಿದ್ಯಾರ್ಥಿಗಳೂ ಗಮನಿಸಬೇಕಾದದ್ದು ಈ ಕೊನೆಯ ಮಾತನ್ನು. ಕರ್ನಾಟಕದಲ್ಲಿ ಸದನ ಸಮಿತಿಗಳಿಗೆ ಬರವಿಲ್ಲ. ಬೆಂಗಳೂರಿನ ಭೂ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿ, ಕೆರೆಗಳ ಒತ್ತುವರಿಯ ಬಗ್ಗೆ ಕೆ.ಬಿ. ಕೋಳಿವಾಡ ಅವರ ಅಧ್ಯಕ್ಷತೆಯ ಸಮಿತಿಗಳು ಕೊಟ್ಟ ವರದಿಗಳು ಪ್ರಸಿದ್ಧ. ರಾಜ್ಯ ಶಾಸಕಾಂಗಕ್ಕೆ 194 ಮತ್ತು 212ನೆಯ ವಿಧಿಗಳು ಸಂಸತ್ತಿನಂಥದೇ ರಕ್ಷಣೆ ನೀಡುವುದರಿಂದ, ಈ ತತ್ವ ಇಲ್ಲಿಗೂ ಅನ್ವಯಿಸುವಂಥದು. ಗಣಿ, ಅಣೆಕಟ್ಟು, ಒತ್ತುವರಿ ಕುರಿತ ಸದನ ಸಮಿತಿಯ ವರದಿ ಕೈಗೆ ಬಂದೊಡನೆ ಹೋರಾಟ ಗೆದ್ದಂತೆ ಸಂಭ್ರಮಿಸುವುದು ಚಳವಳಿಗಳ ಹಳೆಯ ಅಭ್ಯಾಸ. ವರದಿ ದಾರಿ ತೋರಿಸೀತು. ಆದರೆ ಅದರ ಹಿಂದಿರುವ ಪಹಣಿ, ಸರ್ವೆ ನಕ್ಷೆ, ಗ್ರಾಮಸಭೆಯ ನಡಾವಳಿ, ಮಾಹಿತಿ ಹಕ್ಕಿನಲ್ಲಿ ಪಡೆದ ದೃಢೀಕೃತ ಪ್ರತಿಗಳನ್ನು ಹಳ್ಳಿಯವರೇ ಕೂಡಿಡದಿದ್ದರೆ ಎದುರು ವಕೀಲರು ಒಂದೇ ನಿರಾಕರಣೆಯಲ್ಲಿ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಅದೇ ರೀತಿ, ಸಮಿತಿಯೊಂದು ತನ್ನನ್ನು ಒತ್ತುವರಿದಾರನೆಂದು ಬರೆದಿದೆ ಎಂದು ರೈತನೂ ಎದೆಗುಂದಬೇಕಿಲ್ಲ. ವರದಿಯನ್ನು ರದ್ದುಪಡಿಸಲು ಆತ ಕೇಳಲಾರ, ನಿಜ. ಅದನ್ನಾಧರಿಸಿ ಬಂದ ನೋಟೀಸನ್ನು ಖಂಡಿತ ಪ್ರಶ್ನಿಸಬಹುದು.

ಸಮಿತಿಗಳೆಲ್ಲ ಜನರ ಪರವೇ ಇರುತ್ತವೆಂಬ ಭ್ರಮೆಯೂ ಬೇಡ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಮಸೂದೆಯನ್ನು ಪರಿಶೀಲಿಸಿದ ಸಂಸತ್ತಿನ ಜಂಟಿ ಸಮಿತಿ, ಕೆಲವು ಸದಸ್ಯರ ಭಿನ್ನಮತದ ನಡುವೆಯೂ, ಒಂದು ಅಕ್ಷರವನ್ನೂ ಬದಲಿಸದೆ ಅದನ್ನು ಒಪ್ಪಿತು. ದಾಖಲೆಯಲ್ಲಿ ಅರಣ್ಯವೆಂದು ನಮೂದಾಗದ ಕಾಡುಗಳಿಗೆ ಅದರಿಂದ ಕುತ್ತು ಬರಲಿದೆಯೆಂಬ ಆತಂಕ ವ್ಯಾಪಕವಾಗಿತ್ತು; ಡೀಮ್ಡ್ ಅರಣ್ಯದ ಪಟ್ಟಿಯ ಜಗಳ ಕಂಡ ಮಲೆನಾಡಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ, ಅಂಥ ಕಾಡುಗಳನ್ನು ಗುರುತಿಸುವ ಕೆಲಸ ಮುಗಿಯುವವರೆಗೆ 1996ರ ಗೋದಾವರ್ಮನ್ ಪ್ರಕರಣದ ವಿಶಾಲ ಅರ್ಥವನ್ನೇ ರಾಜ್ಯಗಳು ಪಾಲಿಸಬೇಕೆಂದಿತು. ಆ ಗುರುತಿಸುವಿಕೆ ನಡೆಯುವುದು ದೆಹಲಿಯಲ್ಲಲ್ಲ, ಪ್ರತಿ ತಾಲ್ಲೂಕಿನಲ್ಲಿ. ಯಾವ ಕಾನು, ಯಾವ ಬೆಟ್ಟ ಪಟ್ಟಿಗೆ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಅರಣ್ಯ ಮತ್ತು ಕಂದಾಯ ಇಲಾಖೆಗಳಿಂದ ಲಿಖಿತವಾಗಿ ಕೇಳಿ ಪಡೆಯುವ ಕೆಲಸವನ್ನು ಗ್ರಾಮಸಭೆಗಳು ಈಗಲೇ ಆರಂಭಿಸಬೇಕು.