ತೀರ್ಪಿನ ಮರುದಿನ

ನ್ಯಾಯಾಲಯದ ಮೆಟ್ಟಿಲಿಳಿದು ಬಂದ ಹೆಣ್ಣುಮಗಳ ಕೈಯಲ್ಲಿ ಒಂದು ಕಾಗದವಿದೆ. ವರ್ಷಗಟ್ಟಲೆ ಅಲೆದು ಪಡೆದ ಕಾಗದವದು. ಅದು ಕೈಸೇರಿದ ದಿನ ಎದೆಯ ಭಾರವೆಲ್ಲ ಇಳಿದೀತೆಂದು ಆಕೆ ಎಣಿಸಿದ್ದಳು, ಇಳಿಯಲಿಲ್ಲ. ತವರಿಗೆ ಬಂದರೆ ತಾಯಿ ಮಾತಿಲ್ಲದೆ ತಟ್ಟೆ ಇಡುತ್ತಾಳೆ. ಅತ್ತಿಗೆ ಅಳೆದು ತೂಗಿ ಮಾತನಾಡುತ್ತಾಳೆ. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಮುಂದೇನಮ್ಮಾ?" ಎಂದು ಕೇಳಿ ಹೋಗುತ್ತಾಳೆ. ರಾತ್ರಿ ಮಗು ನಿದ್ದೆಹೋದ ಮೇಲೆ ಅದೇ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ.

1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ದಾರಿ ತೆರೆಯಿತು. ಪರಸ್ಪರ ಸಮ್ಮತಿಯಿಂದ ಬೇರೆಯಾಗುವ ಹಾದಿಯನ್ನು 1976ರ ತಿದ್ದುಪಡಿ ಸೇರಿಸಿತು. ಆದರೆ ಬೆಳಗಿನ ಕಾಫಿಯನ್ನು ಒಬ್ಬಳೇ ಕುಳಿತು ಕುಡಿಯುವುದು ಹೇಗೆಂದು ಯಾವ ಕಾಯಿದೆಯೂ ಹೇಳಿಕೊಡಲಾರದು. ಅದನ್ನು ಆಕೆಯೇ ಕಲಿಯಬೇಕು, ನಿಧಾನವಾಗಿ ಕಲಿಯಬೇಕು.

ಮೊದಲು ಬರುವುದು ಕಣ್ಣೀರು. ತಾನೇ ಬೇಡವೆಂದು ಬಿಟ್ಟುಬಂದ ಬಾಳಿಗೆ ಅಳುವುದೇಕೆಂದು ಆಕೆಗೇ ಸೋಜಿಗ. ಇದರಲ್ಲಿ ಸೋಜಿಗವೇನೂ ಇಲ್ಲ. ಮುರಿದ ದಾಂಪತ್ಯದಲ್ಲಿಯೂ ಒಂದು ಕಾಲದ ಆಸೆಯಿತ್ತು, ಕಟ್ಟಿಕೊಂಡ ಕನಸಿತ್ತು, ಶೋಕ ಅದಕ್ಕಾಗಿ. ಅತ್ತ ಮಾತ್ರಕ್ಕೆ ನಿರ್ಧಾರ ತಪ್ಪಾಗಿತ್ತೆಂದು ಅರ್ಥವಲ್ಲ. ಆದರೆ ವಾರಗಳುದ್ದಕ್ಕೂ ನಿದ್ದೆ ಬಾರದಿದ್ದರೆ, ಅನ್ನ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದನ್ನು ಮುಚ್ಚಿಡುವುದು ಸಲ್ಲದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಕರೆ ಮಾಡಬಹುದು. ಜ್ವರಕ್ಕೆ ವೈದ್ಯರ ಬಳಿಗೆ ಹೋಗುವವರು ಮನಸ್ಸಿನ ನೋವಿಗೆ ಹೋಗಲು ನಾಚಬೇಕಾಗಿಲ್ಲ.

ಎರಡನೆಯದು ಕಾಗದಪತ್ರಗಳ ಕೆಲಸ. ದುಃಖದಲ್ಲಿರುವಾಗ ಇದು ತೀರ ಒಣ ಕೆಲಸವೆನಿಸುತ್ತದೆ. ಆದರೂ ಮೊದಲ ತಿಂಗಳಲ್ಲೇ ಮುಗಿಸುವುದು ಮೇಲು. ತೀರ್ಪಿನ ದೃಢೀಕೃತ ಪ್ರತಿಗಳನ್ನು ಪಡೆದು ಜೋಪಾನವಾಗಿಡಬೇಕು. ತನ್ನೊಬ್ಬಳ ಹೆಸರಿನಲ್ಲೇ ಬ್ಯಾಂಕಿನ ಖಾತೆಯಿರಬೇಕು. ವಿಮೆಯಲ್ಲೂ ಉಳಿತಾಯದಲ್ಲೂ ನಾಮಿನಿಯೆಂದು ಹಳೆಯ ಹೆಸರೇ ಇದ್ದರೆ, ಅದು ತಾನಾಗಿ ಅಳಿಸಿಹೋದೀತೆಂದು ನಂಬಿ ಕೂರಬಾರದು, ಬರೆದುಕೊಟ್ಟು ಬದಲಾಯಿಸಿಕೊಳ್ಳಬೇಕು. ಮದುವೆಯಲ್ಲಿ ಬಂದ ಒಡವೆ, ಪಾತ್ರೆ, ಉಡುಗೊರೆಗಳು ಸ್ತ್ರೀಧನ. ಅದರ ಪೂರ್ಣ ಒಡೆತನ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿಯೇ ಸ್ಪಷ್ಟಪಡಿಸಿದೆ. ಅದನ್ನು ಕೇಳಿ ಪಡೆಯುವುದು ದುರಾಸೆಯಲ್ಲ. ವಕೀಲರಿಗೆ ಕೊಡಲು ಹಣವಿಲ್ಲದವಳಿಗೂ ದಾರಿಯುಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ, ಆದಾಯವೆಷ್ಟೇ ಇರಲಿ, ಮಹಿಳೆಯರು ಉಚಿತ ನೆರವಿಗೆ ಅರ್ಹರು.

ಜೀವನಾಂಶ ಬರುವುದಾದರೆ ಬರಲಿ. ಅದು ಆಕೆಯ ಹಕ್ಕು. ಆದರೆ ಬಾಳನ್ನೆಲ್ಲ ಅದೊಂದರ ಮೇಲೆ ನಿಲ್ಲಿಸುವುದು ಕ್ಷೇಮವಲ್ಲ. ಪರಿಸ್ಥಿತಿ ಬದಲಾದರೆ ನ್ಯಾಯಾಲಯ ಅದನ್ನು ಏರಿಸಬಹುದು, ಇಳಿಸಬಹುದು, ನಿಲ್ಲಿಸಲೂಬಹುದು. ಹೊಲಿಗೆಯೋ ಪಾಠ ಹೇಳುವುದೋ ಕಚೇರಿಯ ಕೆಲಸವೋ, ಸ್ವಂತ ದುಡಿಮೆಯಿಂದ ಬಂದ ಮೊದಲ ಹಣ ಎಷ್ಟೇ ಅಲ್ಪವಾಗಿರಲಿ, ತಗ್ಗಿದ ತಲೆಯನ್ನು ಅದು ಎತ್ತಿಸುತ್ತದೆ. ತವರಿನ ಖರ್ಚಿಗೆ ತನ್ನದೊಂದು ಪಾಲು ಸೇರಿಸುವವಳನ್ನು ಅತ್ತಿಗೆಯೂ ಬೇರೆ ಕಣ್ಣಿನಿಂದ ಕಾಣುತ್ತಾಳೆ.

ಮಕ್ಕಳ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಗಂಡಹೆಂಡಿರ ಸಂಬಂಧ ತೀರ್ಪಿನಿಂದ ಮುಗಿಯುತ್ತದೆ. ತಂದೆತಾಯಿಯರ ಸಂಬಂಧ ಮುಗಿಯುವುದಿಲ್ಲ. ತಂದೆಯನ್ನು ಕಂಡು ಬಂದ ಮಗುವನ್ನು ಕೂರಿಸಿಕೊಂಡು, "ಅಲ್ಲಿ ಯಾರಿದ್ದರು, ಏನೆಂದರು?" ಎಂದು ಕೆದಕಿದರೆ ಆ ಎಳೆಯ ಮನಸ್ಸು ಎರಡು ಮನೆಗಳ ನಡುವೆ ಸೀಳಿಹೋಗುತ್ತದೆ. "ಊಟ ಮಾಡಿದೆಯಾ ಕಂದ?" ಎಂದಷ್ಟೇ ಕೇಳುವ ತಾಯಿ ತನ್ನ ಮಗುವಿಗೆ ದೊಡ್ಡ ಉಪಕಾರ ಮಾಡುತ್ತಾಳೆ.

ಗಂಡಸಿನ ಪಾಡೂ ಕಡಿಮೆಯದಲ್ಲ. ಅವನು ಅಳುವುದನ್ನು ಲೋಕ ಒಪ್ಪದು. ಒಬ್ಬನೇ ಬೇಯಿಸಿಕೊಳ್ಳಲಾರದೆ ಹೋಟೆಲಿನ ಊಟ, ಕತ್ತಲ ಮನೆ. ಈ ಒಂಟಿತನವನ್ನು ತಾಳಲಾರದೆ ಆತುರದಲ್ಲಿ ಮತ್ತೊಂದು ಮದುವೆಗೆ ಮುಂದಾಗುವವರು ಉಂಟು. ಮೇಲ್ಮನವಿಯ ಅವಧಿ ಕಳೆಯುವ ತನಕ ಕಾನೂನೇ ತಡೆಯುತ್ತದೆ. ಮನಸ್ಸಿಗಾದರೋ ಅದಕ್ಕಿಂತ ಹೆಚ್ಚಿನ ಕಾಲ ಬೇಕು. ಹಳೆಯ ಗಾಯವನ್ನು ಹೊಸ ಮನೆಗೆ ಹೊತ್ತೊಯ್ದರೆ ಅಲ್ಲಿಯೂ ಅದು ಒಸರದೆ ಇರದು.

ಎಷ್ಟು ಕಾಲ ಬೇಕು? ಈ ಪ್ರಶ್ನೆಗೆ ಮುಂಬಯಿಯ ರುಖ್ಮಾಬಾಯಿಯವರ ಬಾಳನ್ನು ನೋಡಬಹುದು. 11ನೆಯ ವಯಸ್ಸಿನಲ್ಲಿ ಮದುವೆಯಾದ ಆಕೆ, ಬೆಳೆದ ಮೇಲೆ ಪತಿಯ ಮನೆಗೆ ಹೋಗಲು ಒಪ್ಪಲಿಲ್ಲ. ಪತಿ ದಾವೆ ಹೂಡಿದರು. ಅಲ್ಲಿಗೆ ಹೋಗಬೇಕು, ಇಲ್ಲವೇ 6 ತಿಂಗಳ ಸೆರೆವಾಸ ಅನುಭವಿಸಬೇಕೆಂದು 1887ರಲ್ಲಿ ಆಜ್ಞೆಯಾಯಿತು. ಸೆರೆಮನೆಯೇ ಆಗಲಿ ಎಂದರು ರುಖ್ಮಾಬಾಯಿ. ಕೊನೆಗೆ 1888ರಲ್ಲಿ 2000 ರೂಪಾಯಿಗಳ ರಾಜಿಯಲ್ಲಿ ಬಿಡುಗಡೆ ದೊರೆಯಿತು. ಹಿಂದೂ ಸ್ತ್ರೀಗೆ ವಿಚ್ಛೇದನದ ಕಾಯಿದೆಯೇ ಇಲ್ಲದ ಕಾಲವದು. ಮರುವರ್ಷ ಆಕೆ ವೈದ್ಯ ವಿದ್ಯೆಗೆಂದು ಇಂಗ್ಲೆಂಡಿಗೆ ಹೋದರು. 1894ರಲ್ಲಿ ವೈದ್ಯೆಯಾಗಿ ಅರ್ಹತೆ ಪಡೆದು, ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ಸ್ತ್ರೀಯರ ಸೇವೆ ಮಾಡಿದರು. ಹಿಂದೂ ವಿವಾಹ ಕಾಯಿದೆ ಬಂದ 1955ರಲ್ಲಿಯೇ ತೀರಿಕೊಂಡರು. ಬಿಡುಗಡೆಯ ಪತ್ರಕ್ಕೂ ವೈದ್ಯೆಯ ಪೀಠಕ್ಕೂ ನಡುವೆ ಆರು ವರ್ಷಗಳಿದ್ದವು. ಆ ವರ್ಷಗಳಲ್ಲಿ ಆಕೆ ಓದಿದರು.

ಎಲ್ಲರೂ ರುಖ್ಮಾಬಾಯಿ ಆಗಬೇಕಾಗಿಲ್ಲ. ತವರಿನ ನಡುಮನೆಯಲ್ಲಿ ಕುಳಿತ ಆ ಹೆಣ್ಣುಮಗಳಿಗೆ ಈ ಹೊತ್ತು ಬೇಕಾಗಿರುವುದು ನಾಳೆಯೊಂದೇ. ಬೆಳಿಗ್ಗೆ ಎದ್ದು ಮಗುವಿಗೆ ಜಡೆ ಹಾಕುವುದು, ಬ್ಯಾಂಕಿಗೆ ಹೋಗಿ ಒಂದು ಅರ್ಜಿ ಬರೆದುಕೊಡುವುದು, ಬಿಟ್ಟುಹೋಗಿದ್ದ ಗೆಳತಿಯೊಬ್ಬಳ ಮನೆಯ ಬಾಗಿಲು ತಟ್ಟುವುದು. ಪಕ್ಕದ ಮನೆಯಾಕೆ ಮತ್ತೆ ಬಂದು "ಮುಂದೇನಮ್ಮಾ?" ಎಂದು ಕೇಳಿದರೆ, "ನಾಳೆ ಹತ್ತು ಗಂಟೆಗೆ ಬ್ಯಾಂಕಿನಲ್ಲಿ ಕೆಲಸವಿದೆ" ಎಂದರಾಯಿತು. ಸದ್ಯಕ್ಕೆ ಅಷ್ಟು ಉತ್ತರ ಸಾಕು.