ಕತ್ತಲೆ ಕೋಣೆಯ ಪಾಠಶಾಲೆ

ಅಕ್ಷರ ಬಾರದ ನಾವಿಕನ ಕೈಯಲ್ಲಿ ಒಂದು ಪತ್ರವಿದೆ. ಅದರೊಳಗೆ ಏನು ಬರೆದಿದೆಯೆಂಬುದು ಅವನಿಗೆ ತಿಳಿಯದು. ತಲುಪಿಸುವೆನೆಂದು ಮಾತು ಕೊಟ್ಟಿದ್ದಾನೆ, ಅಷ್ಟೆ. ಆ ಪತ್ರವೇ ಅವನಿಗೆ ರಾಜದ್ರೋಹಿಯೆಂಬ ಹೆಸರು ತಂದು, ಸಮುದ್ರದ ನಡುವಣ ಸೆರೆಮನೆಗೆ ತಳ್ಳುತ್ತದೆ. ಕೆವಿನ್ ರೆನಾಲ್ಡ್ಸ್ ನಿರ್ದೇಶಿಸಿ, 2002ರಲ್ಲಿ ತೆರೆಗೆ ಬಂದ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಚಿತ್ರದ ಕಥೆ ಹೀಗೆ ಮೊದಲಾಗುತ್ತದೆ.

ಇದರ ಮೂಲ ಫ್ರೆಂಚ್ ಲೇಖಕ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿ. ಆಗಸ್ಟ್ ಮಾಕೆ ಎಂಬಾತನ ನೆರವಿನಿಂದ ಡ್ಯೂಮಾ ರಚಿಸಿದ ಈ ಕೃತಿ 1844ರಿಂದ 1846ರವರೆಗೆ ಪ್ಯಾರಿಸಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ಸೆರೆವಾಸದ ನೋವು ಡ್ಯೂಮಾನಿಗೆ ಮನೆಯ ಮಾತೇ ಆಗಿತ್ತು. ಗುಲಾಮಳೊಬ್ಬಳ ಮಗನಾಗಿ ಹುಟ್ಟಿ ಫ್ರೆಂಚ್ ಸೇನೆಯಲ್ಲಿ ಜನರಲ್ ಪದವಿಗೇರಿದ ಅವನ ತಂದೆ, ದಕ್ಷಿಣ ಇಟಲಿಯಲ್ಲಿ ಸುಮಾರು ಎರಡು ವರ್ಷ ಬಂದಿಯಾಗಿದ್ದು, ದೇಹಸ್ಥಿತಿ ಕೆಟ್ಟು ಹಿಂತಿರುಗಿದವನು. ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ಅವನು ತೀರಿಕೊಂಡನು.

ಕಥೆಯ ನಾಯಕ ಎಡ್ಮಂಡ್ ದಾಂತೆಸ್. ಅಸೂಯೆಪಟ್ಟವರ ಒಳಸಂಚು, ತನ್ನ ಕುಟುಂಬದ ಗುಟ್ಟನ್ನು ಮುಚ್ಚಲೆಳಸಿದ ನ್ಯಾಯಾಧಿಕಾರಿಯ ಸ್ವಾರ್ಥ, ಇವೆರಡೂ ಕೂಡಿ ಅವನನ್ನು ಮಾರ್ಸೆಯ ಬಂದರಿನೆದುರಿನ ಶಾತೊ ದಿಫ್ ಕೋಟೆಗೆ ನೂಕುತ್ತವೆ. ಅಲ್ಲಿ ಸುರಂಗ ತೋಡುತ್ತ ದಿಕ್ಕು ತಪ್ಪಿ ಬಂದ ವೃದ್ಧ ಪಾದ್ರಿ ಫಾರಿಯ ಅವನಿಗೆ ಗುರುವಾಗುತ್ತಾನೆ. ಚಿತ್ರದ ಅತ್ಯುತ್ತಮ ಭಾಗವೂ ಇದೇ. ಫಾರಿಯನಾಗಿ ರಿಚರ್ಡ್ ಹ್ಯಾರಿಸ್, ದಾಂತೆಸನಾಗಿ ಜಿಮ್ ಕವೀಜೆಲ್ ಮನಸ್ಸಿನಲ್ಲಿ ನಿಲ್ಲುತ್ತಾರೆ. ಓದುಬರಹದ ಜೊತೆಗೆ ಕತ್ತಿವರಸೆಯೂ ಅಲ್ಲಿ ಪಾಠವೇ.

ಕಾದಂಬರಿಯಲ್ಲಿ ದಾಂತೆಸನಿಗೆ ಓದು ಮೊದಲೇ ಬರುತ್ತದೆ. ಗುರು ಕಲಿಸುವುದು ಗಣಿತ, ಇತಿಹಾಸ ಮತ್ತು ಭಾಷೆಗಳನ್ನು. ಲೇಖನಿಗೆ ಮೀನಿನ ಮೃದ್ವಸ್ಥಿ, ಶಾಯಿಗೆ ಮಸಿ, ಕಾಗದಕ್ಕೆ ಅಂಗಿಯ ಬಟ್ಟೆ! ಶಿಷ್ಯನು ಬಂದರುಗಳಲ್ಲಿ ಕೇಳಿ ಕಲಿತಿದ್ದ ಇಟಾಲಿಯನ್ ಮತ್ತು ಅಲ್ಪಸ್ವಲ್ಪ ಗ್ರೀಕ್ ನುಡಿಯನ್ನೇ ಆಧಾರವಾಗಿಟ್ಟುಕೊಂಡು, ಆರು ತಿಂಗಳಲ್ಲಿ ಸ್ಪ್ಯಾನಿಷ್, ಇಂಗ್ಲಿಷ್, ಜರ್ಮನ್ ಮಾತನಾಡತೊಡಗುತ್ತಾನೆ. ಇದು ಕಥೆಯ ಅತಿಶಯೋಕ್ತಿಯೇ ಇರಬಹುದು. ಆದರೂ ಬಲ್ಲ ನುಡಿಯು ಹೊಸ ನುಡಿಗೆ ಅಡ್ಡಗೋಡೆಯಲ್ಲ, ಏಣಿ ಎಂಬ ಮಾತು ಅದರಲ್ಲಿದೆ. ಗಡಿಯಾಚೆ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ, ಉಳಿದ ಭಾಷೆಗಳಲ್ಲಿ ಅವರು ಹಿಂದೆ ಬಿದ್ದಾರೇ ಎಂದು ಕಳವಳಪಡುವ ಹೆತ್ತವರು ಈ ಪ್ರಸಂಗವನ್ನು ಮಕ್ಕಳಿಗೆ ಹೇಳಬೇಕು.

ಚಿತ್ರವು ಮೂಲವನ್ನು ಬಹಳವಾಗಿ ಬದಲಿಸಿದೆ. ತೆರೆಯ ಮೇಲೆ ಕಡುವೈರಿ ಫೆರ್ನಾಂಡನು ದಾಂತೆಸನ ಕತ್ತಿಗೆ ಬಲಿಯಾಗುತ್ತಾನೆ. ಅಗಲಿದ ಪ್ರೇಮಿಗಳು ಒಂದಾಗುತ್ತಾರೆ. ಪ್ರೇಕ್ಷಕನಿಗೆ ತೃಪ್ತಿ. ಆದರೆ ಕಾದಂಬರಿಯು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಲ್ಲಿ ಪ್ರತೀಕಾರದ ಬಲೆಯಲ್ಲಿ ಶತ್ರುವಿನ ಏನೂ ಅರಿಯದ ಪುಟ್ಟ ಮಗನೂ ಸಾಯುತ್ತಾನೆ. ಆ ಶವದ ಮುಂದೆ ದಾಂತೆಸನ ದೃಢತೆ ಕುಸಿಯುತ್ತದೆ. ದೇವರ ಪರವಾಗಿ ದಂಡಿಸುವೆನೆಂದು ನಂಬಿದ್ದವನು, ತಾನು ಎಲ್ಲೆ ಮೀರಿದೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಮೊದಲ ಪ್ರಿಯೆಯೂ ಅವನಿಗೆ ಮರಳಿ ದೊರೆಯುವುದಿಲ್ಲ. ಈ ಪ್ರಶ್ನೆಯನ್ನು ಬಿಟ್ಟುಕೊಟ್ಟದ್ದೇ ಚಿತ್ರದ ದೊಡ್ಡ ಕೊರತೆ. ಅದೊಂದಿದ್ದಿದ್ದರೆ ಒಳ್ಳೆಯ ಮನರಂಜನೆಯು ಉತ್ತಮ ಕೃತಿಯಾಗುತ್ತಿತ್ತು.

ಹೊಡೆದಾಟ, ಚಾವಟಿಯೇಟುಗಳ ದೃಶ್ಯಗಳಿರುವುದರಿಂದ ಚಿತ್ರವು ಎಳೆಯ ಮಕ್ಕಳಿಗೆ ತಕ್ಕುದಲ್ಲ. ಪ್ರೌಢಶಾಲೆಯ ಮಕ್ಕಳು ಹಿರಿಯರೊಡನೆ ಕುಳಿತು ನೋಡಬಹುದು. ನೋಡಿ ಮುಗಿದ ಮೇಲೆ ಮನೆಯಲ್ಲಿ ಒಂದು ಪ್ರಶ್ನೆ ಎತ್ತಬಹುದು: ಗುರು ಕೊಟ್ಟ ವಿದ್ಯೆ, ಗುರು ತೋರಿದ ನಿಧಿ, ಇವೆರಡರಲ್ಲಿ ದಾಂತೆಸನನ್ನು ನಿಜವಾಗಿ ಬಿಡುಗಡೆ ಮಾಡಿದ್ದು ಯಾವುದು? ನಿಧಿಯೆಂದು ಕಿರಿಯರು ಹೇಳಿದರೆ, ಅದರ ನೆಲೆ ಹೇಳುವ ಅರೆಸುಟ್ಟ ಕಾಗದವನ್ನು ಓದಿ ಅರ್ಥ ಮಾಡಿದವನೂ ಆ ಗುರುವೇ ಎಂಬುದನ್ನು ಹಿರಿಯರು ನೆನಪಿಸಲಿ.