ಕಾಫಿ ಕಳ್ಳರನ್ನು ತಕ್ಕಡಿಯ ಬಳಿ ಹಿಡಿಯಿರಿ

ಕೊಯ್ಲು ಶುರುವಾದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದಲ್ಲಿ ಅದೇ ಬೇಡಿಕೆಗಳು ಮರುಕಳಿಸುತ್ತವೆ: ಪೊಲೀಸರು ರಾತ್ರಿ ಗಸ್ತು ಹೆಚ್ಚಿಸಲಿ, ತೋಟಕ್ಕೆ ಸಿ.ಸಿ. ಟಿ.ವಿ. ಬರಲಿ, ಏಜೆನ್ಸಿಯ ಸೆಕ್ಯುರಿಟಿ ಗಾರ್ಡ್ ನಿಲ್ಲಲಿ. ಇದರಿಂದ ಕಾಫಿ ಕಳ್ಳತನ ನಿಲ್ಲುವುದಿಲ್ಲ. ಎಲ್ಲಿಯದು ಎಂದು ಕೇಳದೆ ತೂಗಿ ದುಡ್ಡು ಕೊಡುವ ತಕ್ಕಡಿ ಇರುವವರೆಗೆ ಬೇಲಿ ಕಾಯುವವನು ಸೋಲುತ್ತಲೇ ಇರುತ್ತಾನೆ.

ಗಸ್ತಿನ ಪರ ಮಾತಾಡುವವರು ಒಂದು ಅಂಕಿಯತ್ತ ತಿರುಗಿಯೂ ನೋಡುವುದಿಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರ್‌ ಒಳಗಿನವು. ನೂರಾರು ಎಕರೆಯ ಎಸ್ಟೇಟಿಗೆ ಗೇಟು, ಗೋಡೌನು, ರೈಟರು, ಪಾಳಿಯ ವಾಚ್‌ಮನ್ ಎಲ್ಲ ಇರುತ್ತಾರೆ. ನಾಲ್ಕೈದು ಎಕರೆಯವನಿಗೆ ಇರುವುದು ಕಣದ ಬದಿಯ ಮಂಚ, ಒಂದು ಟಾರ್ಚು, ಒಂದು ನಾಯಿ. ಹಗಲೆಲ್ಲ ಆಳುಗಳ ಹಿಂದೆ ಓಡಾಡಿದ ಮನೆಯವರೇ ಸಂಜೆ ಕಣದಲ್ಲಿ ಒಣಗುವ ಕಾಫಿ ಹಣ್ಣನ್ನು, ಅಂದರೆ ಚೆರ್ರಿಯನ್ನು, ರಾಶಿಗೆ ಎಳೆದು, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ ಕಾವಲಿಗೆ ಕೂರುತ್ತಾರೆ. ಬೆಳಗಿನ ಜಾವ ಒಂದು ಜೊಂಪು ಹತ್ತಿದರೆ ಮುಗಿಯಿತು. 2025ರ ಆರಂಭದಲ್ಲಿ 50 ಕೆ.ಜಿ.ಯ ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ, ತಿರುಳು ತೆಗೆದು ಒಣಗಿಸಿದ ಬೀಜ) ಮೂಟೆ 20 ಸಾವಿರ ರೂಪಾಯಿ ದಾಟಿತ್ತು. ಒಬ್ಬನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದಾದ ಭಾರ ಅದು. ಇನ್ನು ಗಿಡದಲ್ಲಿರುವ ಹಣ್ಣನ್ನೇ ರಾತ್ರಿ ಕೊಯ್ದೊಯ್ಯುವವರಿಗೆ ಕಣದ ಕ್ಯಾಮೆರಾ ಏನು ಮಾಡೀತು?

ಇನ್ನು ಏಜೆನ್ಸಿ ಗಾರ್ಡ್‌ಗಳ ಮಾತು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿಯ ಮಾದರಿ ನಿಯಮಗಳು 100 ಗಂಟೆಯ ಪಾಠ, 60 ಗಂಟೆಯ ಕ್ಷೇತ್ರ ತರಬೇತಿ ಕೇಳುತ್ತವೆ. ಬೆಂಕಿ, ಜನಜಂಗುಳಿ, ಗುರುತಿನ ಚೀಟಿ ತಪಾಸಣೆ ಅದರಲ್ಲಿವೆ. ಕಟ್ಟಡ ಕಾಯಲು ಅದು ಬೇಕು. ತೋಟಕ್ಕೆ ಗೋಡೆಯೂ ಇಲ್ಲ, ಬೆಳಕೂ ಇಲ್ಲ. ಆನೆ ಬಂದಿದೆ ಎಂಬ ಸಂದೇಶ ಮೊಬೈಲಿಗೆ ಬಂದ ರಾತ್ರಿ ಯಾರನ್ನೂ ಗಸ್ತಿಗೆ ಕಳಿಸಲೂಬಾರದು. ಒಂದು ಮೂಟೆ ಕಾಫಿಗಾಗಿ ಒಬ್ಬ ಬಡವನ ಜೀವ ಪಣಕ್ಕಿಡುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.

ಮೂಟೆಗೆ ಲೆಕ್ಕವಿದ್ದ ಕಾಲವೂ ಒಂದಿತ್ತು. ಹಳಬರಿಗೆ ಆ ಪೂಲ್ ಕಾಲ ನೆನಪಿದೆ. 1942ರ ಕಾಫಿ ಕಾಯ್ದೆಯಡಿ ಬೆಳೆದದ್ದೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಸೇರಬೇಕಿತ್ತು. ಯಾವ ತೋಟದ ಕಾಫಿ ಎಂಬ ದಾಖಲೆ ಮೂಟೆಯ ಜೊತೆಗೇ ಸಾಗುತ್ತಿತ್ತು. ಆಗಲೂ ಕಳ್ಳಸಾಗಣೆ ಇತ್ತು, ಹಣಕ್ಕಾಗಿ ಬೆಳೆಗಾರ ಕಾದು ಸುಸ್ತಾಗುತ್ತಿದ್ದ. 1996ರಲ್ಲಿ ಪೂರ್ಣ ಮುಕ್ತ ಮಾರಾಟ ಬಂದದ್ದು ಒಳ್ಳೆಯದೇ ಆಯಿತು, ಪೂಲ್ ಮತ್ತೆ ಬೇಡ. ಆದರೆ ಅದರ ಜೊತೆ ಆ ಲೆಕ್ಕವನ್ನೂ ಕಳೆದುಕೊಂಡೆವು. ಇವತ್ತು ಕದ್ದ ಚೆರ್ರಿ ಇನ್ನೊಂದು ರಾಶಿಗೆ ಬಿದ್ದ ಮೇಲೆ ಅದರ ಒಡೆಯ ಬ್ರಹ್ಮನಿಗೂ ಗೊತ್ತಾಗದು.

ಹಾಗಾಗಿ ಕೊಳ್ಳುವವರು ಬರೆದಿಡಲಿ: ಮಾರಿದವರ ಹೆಸರು, ಫೋನ್ ನಂಬರ್, ತೂಕ, ಗಾಡಿಯ ನಂಬರ್, ಒಂದು ಫೋಟೊ. ಪಹಣಿ ಕೇಳಬಾರದು, ಎಷ್ಟೋ ಸಣ್ಣವರ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಆ ನೆಪದಲ್ಲಿ ಅವರ ಮೂಟೆ ವಾಪಸು ಹೋಗಕೂಡದು. ಕದ್ದ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಈಗಾಗಲೇ ಇದೆ. ಇಂಥ ಲೆಕ್ಕದ ಪುಸ್ತಕವೇ ಇಲ್ಲದಿದ್ದರೆ ತಿಳಿದಿತ್ತೆಂದು ಸಾಬೀತು ಮಾಡುವುದು ಹೇಗೆ?

ಮುಂದಿನ ಕೊಯ್ಲಿಗೆ ಮೊದಲು ಜಿಲ್ಲಾಡಳಿತ ಬೆಳೆಗಾರರ ಸಭೆ ಕರೆದು ಎಚ್ಚರದಿಂದಿರಿ ಎನ್ನುವುದು ಬೇಡ, ಅವರು ಎಚ್ಚರವಾಗಿಯೇ ಇದ್ದಾರೆ. ಕಾಫಿ ವ್ಯಾಪಾರಿಗಳ ಸಭೆ ಕರೆಯಲಿ.